ಹನ್ನೊಂದು ವರ್ಷದ ಸೂರ್ಯ, ಮೂರು ವರ್ಷದ ವಿದ್ಯಾರ್ಥಿ: ಕರಾವಳಿಯ ಸೂರ್ಯವೀಕ್ಷಣೆಯ ಹಾದಿ

ಪಿಯುಸಿಗೆ ಎರಡು ವರ್ಷ, ಪದವಿಗೆ ಮೂರು ವರ್ಷ. ಸೂರ್ಯನ ಮೇಲಿನ ಕಲೆಗಳು ಹೆಚ್ಚಿ, ಇಳಿದು, ಮತ್ತೆ ಹೆಚ್ಚಲು ಹಿಡಿಯುವ ಕಾಲ ಸುಮಾರು 11 ವರ್ಷ. ಕಾಲೇಜಿನ ಖಗೋಳ ಸಂಘಕ್ಕೆ ಸೇರಿದ ವಿದ್ಯಾರ್ಥಿ ಎಷ್ಟೇ ಹುರುಪಿನವನಾಗಿರಲಿ, ಸೂರ್ಯನ ಒಂದು ಆವರ್ತದ ಕಾಲುಭಾಗವನ್ನಷ್ಟೇ ಕಂಡು, ಅಂಕಪಟ್ಟಿ ಹಿಡಿದು ಬೆಂಗಳೂರಿಗೋ ದುಬೈಗೋ ಹೊರಟುಬಿಡುತ್ತಾನೆ. ಅವನ ಜಾಗಕ್ಕೆ ಬಂದವಳು ಮುಂದಿನ ಕಾಲುಭಾಗ ನೋಡುತ್ತಾಳೆ. ಪೂರ್ತಿ ಆವರ್ತ ನೋಡುವ ಭಾಗ್ಯ ಸಂಸ್ಥೆಗೆ ಮಾತ್ರ. ಹವ್ಯಾಸಿ ಖಗೋಳ ಸಂಘವೊಂದರ ಚರಿತ್ರೆ ಬರೆಯುವಾಗ ಎಷ್ಟು ಕಾರ್ಯಕ್ರಮ ನಡೆಯಿತು, ಯಾವ ಗಣ್ಯರು ಬಂದರು ಎನ್ನುವುದಕ್ಕಿಂತ ಈ ಕೈಬದಲಾವಣೆ ಹೇಗೆ ನಡೆಯಿತು, ಎಲ್ಲಿ ತಪ್ಪಿತು ಎನ್ನುವುದೇ ಹೆಚ್ಚು ಮುಖ್ಯವಾಗುತ್ತದೆ.

ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳ ಶಾಲಾಮಕ್ಕಳಿಗೆ ಗ್ರಹಣ, ಧೂಮಕೇತು, ಶೂನ್ಯ ನೆರಳಿನ ದಿನ ಎಂದರೆ ಮೊದಲು ಕಿವಿಗೆ ಬೀಳುವುದು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದ ಹೆಸರು. ಆ ಸಂಘ ಒಮ್ಮೆಲೇ ಮೂಡಿಬಂದದ್ದಲ್ಲ. ಅದರ ಹಿಂದೆ ಈ ನೆಲಕ್ಕೆ ಸೂರ್ಯನ ಜೊತೆ ಇರುವ ಹಳೆಯ ನಂಟಿದೆ.

ಅದಮಾರು ಮತ್ತು ಕೋಟ

ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರನ್ನು ನಾವು ಉಪಗ್ರಹ ವಿಜ್ಞಾನಿ ಎಂದೇ ನೆನೆಯುತ್ತೇವೆ. ಆದರೆ ಅವರ ಮೊದಲ ಪ್ರೀತಿ ಸೂರ್ಯನೇ. ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿ ಅಮೆರಿಕಕ್ಕೆ ಹೋದ ಅವರು, 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್-2 ನೌಕೆ ಕಳಿಸಿದ ಅಂಕಿಅಂಶಗಳ ಮೇಲೆ ಕೆಲಸ ಮಾಡಿದರು. ಸೂರ್ಯನಿಂದ ಕಣಗಳ ಗಾಳಿಯೊಂದು ಎಡೆಬಿಡದೆ ಬೀಸುತ್ತಿದೆ, ಅದರ ವೇಗ ಏರಿದಾಗ ಭೂಮಿಯ ಕಾಂತಕ್ಷೇತ್ರವೂ ಕಲಕುತ್ತದೆ ಎಂದು ತೋರಿಸಿದ 1963ರ ಪ್ರಬಂಧದ ಮೂವರು ಲೇಖಕರಲ್ಲಿ ಅವರೂ ಒಬ್ಬರು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದಲ್ಲಿ ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳನ್ನು ಅಳೆಯುವ ಉಪಕರಣವಿತ್ತು. ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ಕೆಲವೇ ದಿನಕ್ಕೆ ನಿಂತವು. ಆದರೂ ದೇಶದ ಮೊದಲ ಉಪಗ್ರಹದಲ್ಲಿ ಸೂರ್ಯನಿಗೊಂದು ಜಾಗ ಇತ್ತು ಎನ್ನುವುದು ಗಮನಿಸಬೇಕಾದ ಸಂಗತಿ. ಕೊನೆಗಾಲದಲ್ಲಿ, ಸೂರ್ಯನ ಅಧ್ಯಯನಕ್ಕೆಂದೇ ರೂಪಿಸಿದ ಆದಿತ್ಯ ಯೋಜನೆಯನ್ನು ಭೂಮಿಯ ಹತ್ತಿರದ ಕಕ್ಷೆಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿಗೆ ಒಯ್ಯಬೇಕೆಂಬ ಚಿಂತನೆಯ ಹಿಂದೆಯೂ ಅವರಿದ್ದರು. 2017ರ ಜುಲೈಯಲ್ಲಿ ಅವರು ತೀರಿಕೊಂಡರು. ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು.

ಅದಮಾರಿನ ಹೆಸರು ಇನ್ನೊಂದು ದಾರಿಯಿಂದಲೂ ಈ ಚರಿತ್ರೆಯೊಳಗೆ ಬರುತ್ತದೆ. ಅದಮಾರು ಮಠದ ಶ್ರೀ ವಿಬುಧೇಶತೀರ್ಥರು 1960ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ್ದೇ ಪೂರ್ಣಪ್ರಜ್ಞ ಕಾಲೇಜು.

ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದ ಶಿವರಾಮ ಕಾರಂತರು ಇನ್ನೊಂದು ಕಡೆಯಿಂದ ನೆಲ ಹದ ಮಾಡಿದರು. ‘ಬಾಲಪ್ರಪಂಚ’ ಮತ್ತು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದ ಮೂಲಕ ಆಕಾಶದ ಮಾತನ್ನು ಇಂಗ್ಲಿಷ್ ಓದದವರ ಮನೆಗೂ ಮುಟ್ಟಿಸಿದರು. ವಿಜ್ಞಾನವನ್ನು ಕನ್ನಡದಲ್ಲೇ ಮಾತಾಡಬಹುದು ಎಂಬ ಧೈರ್ಯ ಇಲ್ಲದಿದ್ದರೆ ಊರಿನ ಮೈದಾನದಲ್ಲಿ ನಿಂತು ಸೌರಜ್ವಾಲೆಯ ಬಗ್ಗೆ ವಿವರಿಸುವ ಅಧ್ಯಾಪಕರು ನಮಗೆ ಸಿಗುತ್ತಿರಲಿಲ್ಲ.

ಬರಗಾಲ ಕಟ್ಟಿಸಿದ ವೀಕ್ಷಣಾಲಯ

ದಿನವೂ ಸೂರ್ಯನನ್ನು ನೋಡಿ ಬರೆದಿಡುವ ಶಿಸ್ತು ದಕ್ಷಿಣ ಭಾರತಕ್ಕೆ ಬಂದದ್ದು ಹಸಿವಿನ ಕಾರಣಕ್ಕೆ. 1876ರಿಂದ 78ರವರೆಗಿನ ಬರ ಮದರಾಸು ಪ್ರಾಂತ್ಯವನ್ನೂ ಮೈಸೂರು ಸೀಮೆಯನ್ನೂ ಹಿಂಡಿಹಾಕಿದ ಮೇಲೆ, ಸೂರ್ಯನ ಏರಿಳಿತಕ್ಕೂ ಮುಂಗಾರಿಗೂ ಸಂಬಂಧ ಇದೆಯೇ ಎಂಬ ಪ್ರಶ್ನೆ ಸರ್ಕಾರವನ್ನು ಕಾಡಿತು. ಅದರ ಫಲವಾಗಿ 1899ರಲ್ಲಿ ಕೊಡೈಕೆನಾಲಿನ ಸೌರ ವೀಕ್ಷಣಾಲಯ ರೂಪುಗೊಂಡಿತು. ಅಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತಲೇ ಬಂದಿದ್ದಾರೆ. ಸೌರಕಲೆಗಳ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂಬುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದೂ ಅಲ್ಲೇ. ಎವರ್‌ಶೆಡ್ ಕೂಡ ಮೊದಲು ಹವ್ಯಾಸಿಯಾಗಿದ್ದವರು. ಆ ಪರಂಪರೆಯ ವಾರಸುದಾರ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಗೌರಿಬಿದನೂರಿನಲ್ಲಿ ರೇಡಿಯೊ ಅಲೆಗಳಲ್ಲಿ ಸೂರ್ಯನನ್ನು ಗಮನಿಸುವುದೂ, ಆದಿತ್ಯ-ಎಲ್1ರ ಮುಖ್ಯ ಉಪಕರಣವನ್ನು ಹೊಸಕೋಟೆಯಲ್ಲಿ ಕಟ್ಟಿದ್ದೂ ಅದೇ ಸಂಸ್ಥೆ.

ಮುಂಗಾರಿನ ಗುಟ್ಟು ಸೂರ್ಯನ ಕಲೆಗಳಲ್ಲಿ ಸಿಗಲಿಲ್ಲ. ಆದರೆ ಶತಮಾನ ದಾಟಿದ ದಾಖಲೆ ಸಿಕ್ಕಿತು, ಇಂದು ಜಗತ್ತಿನ ಸೌರ ವಿಜ್ಞಾನಿಗಳು ಅದನ್ನು ಹುಡುಕಿಕೊಂಡು ಬರುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೂ ದಿನಚರಿ ತಪ್ಪಿಸದಿದ್ದರೆ ಬೇರೆ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಜರ್ಮನಿಯ ಔಷಧ ವ್ಯಾಪಾರಿ ಹೈನ್ರಿಕ್ ಶ್ವಾಬೆ 1826ರಲ್ಲಿ ಸೂರ್ಯನತ್ತ ದೂರದರ್ಶಕ ತಿರುಗಿಸಿದ್ದು ಬುಧನಿಗಿಂತ ಒಳಗಿನ ಗ್ರಹವೊಂದನ್ನು ಹಿಡಿಯಲು. ಗ್ರಹ ಸಿಗಲಿಲ್ಲ. ವರ್ಷಗಟ್ಟಲೆ ಕಲೆಗಳನ್ನು ಎಣಿಸುತ್ತ ಹೋದ ಅವನಿಗೆ ಅವುಗಳ ಏರಿಳಿತದ ಆವರ್ತ ಸಿಕ್ಕಿತು. 1859ರ ಸೆಪ್ಟೆಂಬರ್ 1ರಂದು ಮೊದಲ ಬಾರಿಗೆ ಸೌರಜ್ವಾಲೆಯನ್ನು ಕಂಡ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸಹ ಸ್ವಂತ ಖರ್ಚಿನಲ್ಲಿ ವೀಕ್ಷಣಾಲಯ ಕಟ್ಟಿಕೊಂಡ ಹವ್ಯಾಸಿ. ಅದರ ಬೆನ್ನಿಗೆ ಬಂದ ಕಾಂತ ಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣ ಮರುದಿನ ದಾಖಲಿಸಿತು. ಆ ಬಿರುಗಾಳಿಯ ಬಲ ಎಷ್ಟಿತ್ತೆಂದು ಲೆಕ್ಕ ಹಾಕುವವರಿಗೆ ಇವತ್ತಿಗೂ ಆ ದಾಖಲೆಯೇ ಆಧಾರ.

ಎರಡು ಗ್ರಹಣಗಳ ನಡುವೆ

ನಮ್ಮ ಕರಾವಳಿಯ ಜನ ಸೂರ್ಯನನ್ನು ಹೇಗೆ ನೋಡಿದರು, ಹೇಗೆ ನೋಡದೆ ಉಳಿದರು ಎಂಬುದನ್ನು ಎರಡು ಗ್ರಹಣಗಳಿಂದ ಅಳೆಯಬಹುದು. ಮೊದಲನೆಯದು 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಬೈಂದೂರಿಗೆ ಉತ್ತರದಲ್ಲಿ, ಅಂಕೋಲಾ ಸುತ್ತಿನಲ್ಲಿ ಕಡಲಿನಿಂದ ನೆಲ ಹತ್ತಿ ಹುಬ್ಬಳ್ಳಿ, ರಾಯಚೂರಿನ ಕಡೆ ಸಾಗಿತು. ಹುಬ್ಬಳ್ಳಿ ಹತ್ತಿರದ ಹೊಸೂರಿನಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ವಿಜ್ಞಾನಿಗಳು ಬಿಡಾರ ಹೂಡಿದರು. ಉಳಿದಂತೆ ಊರೂರಿನ ಬೀದಿಗಳು ಬಿಕೋ ಎಂದವು. ಕಿಟಕಿ ಬಾಗಿಲು ಹಾಕಿ, ಬಸುರಿಯರನ್ನು ಒಳಕೋಣೆಯಲ್ಲಿ ಕೂರಿಸಿ, ಕೆಲವು ಕಡೆ ಅಂಗಳದಲ್ಲಿ ಒನಕೆ ನಿಲ್ಲಿಸಿ ಜನ ಹೊತ್ತು ಕಳೆದರು. ಧೈರ್ಯವಂತರು ಸೆಗಣಿ ಕದಡಿದ ನೀರಿನಲ್ಲಿ ಪ್ರತಿಬಿಂಬ ನೋಡಿದರು.

ಎರಡನೆಯದು 2019ರ ಡಿಸೆಂಬರ್ 26ರ ಬೆಳಗಿನ ಕಂಕಣ ಗ್ರಹಣ. ಕಾಸರಗೋಡಿನ ಚೆರುವತ್ತೂರು, ಮಂಗಳೂರು ಕಂಕಣದ ಪಟ್ಟಿಯೊಳಗಿದ್ದವು. ಬ್ರಹ್ಮಾವರ, ಕುಂದಾಪುರ, ಬೈಂದೂರು ಪಟ್ಟಿಯ ಬಡಗು ಅಂಚಿನಿಂದ ಆಚೆ ಉಳಿದವು. ಇಲ್ಲಿ ಬಳೆ ಕೂಡಲಿಲ್ಲ, ಸೂರ್ಯ ತೆಳ್ಳನೆಯ ಕುಡುಗೋಲಾದ. ಈ ಬಾರಿ ಮಕ್ಕಳು ಶಾಲಾ ಮೈದಾನಕ್ಕೆ ಬಂದರು, ಗ್ರಹಣದ ಕನ್ನಡಕ ಕೈಯಿಂದ ಕೈಗೆ ಹೋಯಿತು. ಬೀದಿಗಳು ಪೂರಾ ತುಂಬಿದವು ಎನ್ನಲಾಗದು; ಬಾಗಿಲು ಹಾಕಿಕೊಂಡವರು ಆಗಲೂ ಇದ್ದರು. ಆದರೆ ಹೊರಗೆ ಬರಬೇಕು ಎಂದುಕೊಂಡವರಿಗೆ ಏನು ಹಿಡಿದು ನೋಡಬೇಕು, ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು ಏಕೆ ಕೂಡದು ಎಂದು ಹೇಳುವ ಸಂಸ್ಥೆಯೊಂದು ಹತ್ತಿರದಲ್ಲಿತ್ತು.

ಈ ಎರಡು ಗ್ರಹಣಗಳ ನಡುವೆ ಬೆಳೆದುಬಂದದ್ದೇ ಪೂರ್ಣಪ್ರಜ್ಞದ ಖಗೋಳ ಸಂಘ. ಭೌತಶಾಸ್ತ್ರ ಅಧ್ಯಾಪಕರಾದ ಡಾ. ಎ. ಪಿ. ಭಟ್ ಅದರ ಸ್ಥಾಪಕರು. ಗ್ರಹಣ ಬಂದಾಗ ಸಾರ್ವಜನಿಕ ವೀಕ್ಷಣೆ, ಶಾಲೆಗಳಲ್ಲಿ ಉಪನ್ಯಾಸ, ಪತ್ರಿಕೆಗಳಲ್ಲಿ ಆಕಾಶದ ಸುದ್ದಿ – ಈ ಮೂರು ಎಳೆಗಳನ್ನು ಹಿಡಿದು ಸಂಘ ಬೆಳೆಯಿತು. ಮೂರನೆಯದರ ಬೆಲೆಯನ್ನು ನಾವು ಕಡಿಮೆ ಅಂದಾಜಿಸುತ್ತೇವೆ. ಬೈಂದೂರಿನ ಮಗು ಉಡುಪಿಗೆ ಬಂದು ರಾತ್ರಿ ಆಕಾಶ ನೋಡಿ ವಾಪಸಾಗುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ, ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂದೆಮುಂದೆ ನೋಡುತ್ತಾರೆ. ಪತ್ರಿಕೆಯ ನಾಲ್ಕು ಸಾಲು ಮಾತ್ರ ಬೆಳಗಿನ ಬಸ್ಸಿನಲ್ಲೇ ಬೈಂದೂರು ಮುಟ್ಟುತ್ತದೆ.

ಸೂರ್ಯವೀಕ್ಷಣೆಗೆ ಇರುವ ಅನುಕೂಲವೂ ಇದೇ. ಶಾಲೆ ನಡೆಯುವ ಹೊತ್ತಿನಲ್ಲಿ ಕಾಣುವ ನಕ್ಷತ್ರ ಇದೊಂದೇ. ಶೂನ್ಯ ನೆರಳಿನ ದಿನವನ್ನೇ ನೋಡಿ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನ 12 ಗಂಟೆ 29 ನಿಮಿಷದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ನೆರಳು ಮೊದಲು ಮಾಯವಾಗುವುದು ಬ್ರಹ್ಮಾವರದಲ್ಲಿ, ಆಮೇಲೆ ಕುಂದಾಪುರದಲ್ಲಿ, ಕೊನೆಗೆ ಬೈಂದೂರಿನಲ್ಲಿ. ಸೂರ್ಯ ತೆಂಕಣಕ್ಕೆ ಹಿಂತಿರುಗುವ ಆಗಸ್ಟ್‌ ನಡುವಿನಲ್ಲಿ ಈ ಸರದಿ ತಿರುವುಮುರುವಾಗುತ್ತದೆ. ಮೂರೂ ಊರಿನ ಶಾಲೆಗಳು ಒಂದೇ ಮಧ್ಯಾಹ್ನ ತಂತಮ್ಮ ಕೋಲಿನ ನೆರಳು ಅಳೆದು ಫೋನಿನಲ್ಲಿ ಹಂಚಿಕೊಂಡರೆ ಭೂಮಿಯ ಸುತ್ತಳತೆಯ ಅಂದಾಜು ಲೆಕ್ಕಕ್ಕೆ ಬೇಕಾದ ಅಂಕಿ ಕೈಗೆ ಬರುತ್ತದೆ.

ರಟ್ಟಿನ ಮೇಲಿನ ಸೂರ್ಯ

ಸೌರಕಲೆ ಎಣಿಸುವ ಕೆಲಸಕ್ಕೆ ದುಬಾರಿ ಸಲಕರಣೆ ಬೇಡ. ಎರಡೂವರೆ, ಮೂರು ಇಂಚಿನ ಸಣ್ಣ ದೂರದರ್ಶಕ, ಹಿಂದೆ ಒಂದು ರಟ್ಟು, ರಟ್ಟಿನ ಮೇಲೆ 15 ಸೆಂಟಿಮೀಟರ್ ವ್ಯಾಸದ ವೃತ್ತ ಬರೆದ ಬಿಳಿ ಹಾಳೆ, ಇಷ್ಟು ಸಾಕು. ದೂರದರ್ಶಕದ ಕೊಳವೆಯನ್ನು ಕಣ್ಣಿಟ್ಟು ಗುರಿಹಿಡಿಯಬಾರದು. ಅದರದೇ ನೆರಳು ಅತಿ ಚಿಕ್ಕದಾಗುವವರೆಗೆ ತಿರುಗಿಸಿದರೆ ಸೂರ್ಯ ತಾನಾಗಿ ಸಿಗುತ್ತಾನೆ. ಪಕ್ಕದ ಚಿಕ್ಕ ಗುರಿದೂರದರ್ಶಕಕ್ಕೆ ಮುಚ್ಚಳ ಹಾಕಿರಬೇಕು, ಇಲ್ಲದಿದ್ದರೆ ಯಾರಾದರೂ ಬಗ್ಗಿ ನೋಡಿ ಕಣ್ಣು ಕಳೆದುಕೊಂಡಾರು. ಪ್ಲಾಸ್ಟಿಕ್ಕಿನ ಐಪೀಸ್ ಆದರೆ ಬಿಸಿಗೆ ಕರಗುತ್ತದೆ.

ಬಿಂಬ ವೃತ್ತಕ್ಕೆ ಸರಿಯಾಗಿ ಕೂತ ಮೇಲೆ ಮೊದಲು ಮಾಡಬೇಕಾದದ್ದು ದಿಕ್ಕು ಗುರುತಿಸುವುದು. ಭೂಮಿ ತಿರುಗುವುದರಿಂದ ಬಿಂಬ ರಟ್ಟಿನ ಮೇಲೆ ಜಾರುತ್ತದೆ. ಒಂದು ಕಲೆ ಜಾರಿದ ಹಾದಿಯನ್ನು ಪೆನ್ಸಿಲಿನಲ್ಲಿ ಗೆರೆ ಎಳೆದರೆ ಅದೇ ಪೂರ್ವ-ಪಶ್ಚಿಮ. ಆಮೇಲೆ ಕಲೆಗಳನ್ನು ಒಂದೊಂದಾಗಿ ಬರೆಯಬೇಕು. ನಡುವೆ ಕಪ್ಪು ಚುಕ್ಕೆ, ಸುತ್ತ ಬೂದು ಅಂಚು. ಇದು ಕಲೆಯೋ ಹಾಳೆಯ ಮೇಲಿನ ಧೂಳೋ ಎಂಬ ಅನುಮಾನ ಬಂದರೆ ರಟ್ಟನ್ನು ಸ್ವಲ್ಪ ಅಲುಗಿಸುತ್ತಾರೆ. ಹಾಳೆಯ ಜೊತೆ ಸರಿದರೆ ಧೂಳು, ಬಿಂಬದ ಜೊತೆ ನಿಂತರೆ ಕಲೆ. ಆ 15 ಸೆಂಟಿಮೀಟರ್ ಸೂರ್ಯನ ಪಕ್ಕದಲ್ಲಿ ನಮ್ಮ ಭೂಮಿ ಒಂದು ಸಾಸಿವೆ ಕಾಳಿನಷ್ಟು. ಹಾಳೆಯ ಮೇಲಿನ ಕಲೆಯೊಂದು ಸಾಸಿವೆಗಿಂತ ದೊಡ್ಡದು ಎಂದು ತಿಳಿದಾಗ ಮಕ್ಕಳ ಗಲಾಟೆ ತಾನಾಗಿ ನಿಲ್ಲುತ್ತದೆ.

ಎಣಿಕೆಯ ಸೂತ್ರವನ್ನು ಕೊಟ್ಟವನು ಸ್ವಿಟ್ಜರ್‌ಲೆಂಡಿನ ರುಡಾಲ್ಫ್ ವುಲ್ಫ್. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳ ಒಟ್ಟು ಸಂಖ್ಯೆ ಕೂಡಿಸಬೇಕು. 4 ಗುಂಪು, ಒಟ್ಟು 23 ಕಲೆ ಇದ್ದರೆ ಆ ದಿನದ ಸಂಖ್ಯೆ 63. ಒಬ್ಬೊಬ್ಬರ ಕಣ್ಣು, ದೂರದರ್ಶಕ, ಊರಿನ ಆಕಾಶ ಬೇರೆ ಬೇರೆಯಾದ್ದರಿಂದ ಪ್ರತಿ ವೀಕ್ಷಕನಿಗೂ ಒಂದು ಗುಣಕ ಇರುತ್ತದೆ. ಅದನ್ನು ನಿರ್ಧರಿಸಲು ಅದೇ ವೀಕ್ಷಕ ಬಹಳ ಕಾಲ ಬಿಡದೆ ಎಣಿಸಿರಬೇಕು. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ಕೇಂದ್ರ ಜಗತ್ತಿನ ನಾನಾ ಕಡೆಯ ಎಣಿಕೆಗಳನ್ನು ಒಟ್ಟುಮಾಡಿ ಅಧಿಕೃತ ಸಂಖ್ಯೆ ಪ್ರಕಟಿಸುತ್ತದೆ. ಅದಕ್ಕೆ ಎಣಿಕೆ ಕಳಿಸುವವರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘವೂ 1944ರಿಂದ ಇಂಥದ್ದೇ ಕೆಲಸ ಮಾಡುತ್ತ ಬಂದಿದೆ. ಬಾಹ್ಯಾಕಾಶದಿಂದ ದಿನವಿಡೀ ಚಿತ್ರ ಬರುವ ಈ ಕಾಲದಲ್ಲೂ ಕಣ್ಣಿನ ಎಣಿಕೆ ಏಕೆ ಎಂದು ಕೇಳುವವರಿದ್ದಾರೆ. 19ನೇ ಶತಮಾನದ ಲೆಕ್ಕದ ಜೊತೆ ಇಂದಿನ ಲೆಕ್ಕ ಹೋಲಿಸಬೇಕಾದರೆ ಅದೇ ಬಗೆಯ ಸಣ್ಣ ದೂರದರ್ಶಕ, ಅದೇ ಬಗೆಯ ಎಣಿಕೆ ಬೇಕು ಎನ್ನುವುದೇ ಉತ್ತರ.

ಮಳೆಗಾಲದ ಖಾಲಿ ಪುಟಗಳು

ಬ್ರಹ್ಮಾವರದಿಂದ ಬೈಂದೂರಿನವರೆಗಿನ ವೀಕ್ಷಕನಿಗೆ ದೊಡ್ಡ ತೊಡಕು ಮುಂಗಾರು. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಇಣುಕಿದರೆ ಪುಣ್ಯ. ಆಸಾಡಿಯ ಮಳೆಯಲ್ಲಿ ಸೂರ್ಯನ ಮುಖ ಕಾಣದೆ ವಾರಗಳೇ ಉರುಳುತ್ತವೆ. 2004ರ ಜೂನ್ 8, 2012ರ ಜೂನ್ 6ರಂದು ಶುಕ್ರ ಸೂರ್ಯಬಿಂಬದ ಮುಂದೆ ಹಾದ ಶುಕ್ರ ಸಂಕ್ರಮಗಳು ಶತಮಾನಕ್ಕೊಮ್ಮೆ ಜೋಡಿಯಾಗಿ ಬರುವಂಥವು, ಅವೂ ಬಂದದ್ದು ಮಳೆಗಾಲದ ಬಾಗಿಲಲ್ಲೇ. ಹೀಗಾಗಿ ಕರಾವಳಿಯ ಯಾವುದೇ ಸೂರ್ಯಪುಸ್ತಕದಲ್ಲಿ ಪ್ರತಿ ವರ್ಷ ನಾಲ್ಕು ತಿಂಗಳ ಪುಟ ಖಾಲಿ ಉಳಿಯುವುದು ಖಂಡಿತ.

ಈ ಖಾಲಿಯನ್ನು ತುಂಬಲು ಹವ್ಯಾಸಿಗಳಿಗೆ ಒಂದು ದಾರಿಯಿದೆ. ಸೌರಜ್ವಾಲೆ ಸಿಡಿದಾಗ ಹೊಮ್ಮುವ ಎಕ್ಸ್ ಕಿರಣಗಳು ಎಂಟು ನಿಮಿಷದಲ್ಲಿ ಭೂಮಿಗೆ ತಲುಪಿ, ಹಗಲಿರುವ ಕಡೆ ಸುಮಾರು 70 ಕಿಲೋಮೀಟರ್ ಎತ್ತರದ ಗಾಳಿಪದರದ ವಿದ್ಯುತ್ ಗುಣವನ್ನು ಬದಲಿಸುತ್ತವೆ. ಆ ಪದರಕ್ಕೆ ಬಡಿದು ಹಿಂತಿರುಗುವ ಅತಿ ಕಡಿಮೆ ಆವರ್ತನದ ರೇಡಿಯೊ ಅಲೆಗಳ ಬಲ ಥಟ್ಟನೆ ಏರುತ್ತದೆ ಅಥವಾ ಇಳಿಯುತ್ತದೆ. ಇಂಥ ಅಲೆಗಳನ್ನು ಹುಡುಕಿ ದೂರ ಹೋಗಬೇಕಿಲ್ಲ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣದಲ್ಲಿರುವ ನೌಕಾಪಡೆಯ ಕಟ್ಟಬೊಮ್ಮನ್ ಕೇಂದ್ರ ಜಲಾಂತರ್ಗಾಮಿಗಳಿಗಾಗಿ 18.2 ಕಿಲೋಹರ್ಟ್ಸ್‌ನಲ್ಲಿ ಸಂದೇಶ ಬಿತ್ತರಿಸುತ್ತದೆ. ಮರದ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿ ಮಾಡಿದ ಆಂಟೆನಾ, ಒಂದು ಚಿಕ್ಕ ವರ್ಧಕ, ಹಳೆಯ ಕಂಪ್ಯೂಟರಿನ ಸೌಂಡ್ ಕಾರ್ಡ್ ಇದ್ದರೆ ಆ ಸಂಕೇತದ ಬಲವನ್ನು ದಿನವಿಡೀ ಗೆರೆಯಾಗಿ ಬರೆಸಬಹುದು. ಶಾಂತ ದಿನದಲ್ಲಿ ಗೆರೆ ಬೆಳಗಿನಿಂದ ಸಂಜೆಯವರೆಗೆ ನಿಧಾನವಾಗಿ ಬಾಗುತ್ತದೆ. ಜ್ವಾಲೆ ಸಿಡಿದರೆ ಕೆಲವೇ ನಿಮಿಷದಲ್ಲಿ ಗೆರೆ ಸೆಟೆದು, ಮತ್ತೆ ಹಳೆಯ ಜಾಡಿಗೆ ಬರಲು ಮುಕ್ಕಾಲು, ಒಂದು ಗಂಟೆ ತೆಗೆದುಕೊಳ್ಳುತ್ತದೆ. ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗಲೂ ಕುಂದಾಪುರದ ಕೋಣೆಯೊಂದರಲ್ಲಿ ಕೂತು ಸೂರ್ಯನ ಸಿಡಿತ ಹಿಡಿಯುವ ವಿದ್ಯೆ ಇದು. ಸಿಡಿಲಿನ ಗದ್ದಲ ಗೆರೆಯನ್ನು ಕೆಡಿಸುತ್ತದೆ ಎಂಬುದು ಮಾತ್ರ ಇದರ ಕೊರತೆ.

ಶಿಖರ ಕಂಡವರು

2019ರ ಕಂಕಣ ಗ್ರಹಣ ನಡೆದದ್ದು ಸೂರ್ಯ ತೀರ ಸಪ್ಪಗಿದ್ದಾಗ. ಆ ವರ್ಷ 270ಕ್ಕೂ ಹೆಚ್ಚು ದಿನ ಬಿಂಬದ ಮೇಲೆ ಒಂದು ಕಲೆಯೂ ಇರಲಿಲ್ಲ. 25ನೇ ಆವರ್ತ ಶುರುವಾದದ್ದೇ ಆ ಡಿಸೆಂಬರಿನಲ್ಲಿ. 1980ರ ಗ್ರಹಣವಾದರೋ 21ನೇ ಆವರ್ತದ ಶಿಖರದ ಹೊತ್ತಿನದು. ನಮ್ಮ ಕರಾವಳಿಯ ಮೇಲೆ ಹಾದ ಎರಡು ದೊಡ್ಡ ಗ್ರಹಣಗಳಲ್ಲಿ ಒಂದು ಉಬ್ಬರದ್ದು, ಒಂದು ಇಳಿತದ್ದು.

25ನೇ ಆವರ್ತ ಉಬ್ಬರಕ್ಕೆ ಬಂದದ್ದು 2024ರಲ್ಲಿ. ಆ ಮೇ ತಿಂಗಳಲ್ಲಿ 13664 ಎಂಬ ಸಂಖ್ಯೆಯ ಕಲೆಗಳ ಗುಂಪು ಭೂಮಿಯ ಹತ್ತಾರು ಪಟ್ಟು ಅಗಲಕ್ಕೆ ಹಬ್ಬಿತು. 2019ರ ಗ್ರಹಣದ ಕನ್ನಡಕವನ್ನು ಗೀರು ಬೀಳದಂತೆ ಜೋಪಾನ ಮಾಡಿಟ್ಟವರಿಗೆ ಅದು ದೂರದರ್ಶಕವಿಲ್ಲದೆಯೂ ಕಂಡೀತು. ಆ ಗುಂಪಿನಿಂದ ಸಾಲುಸಾಲಾಗಿ ಸಿಡಿದ ಜ್ವಾಲೆಗಳ ಬೆನ್ನಿಗೆ ಮೇ 10, 11ರಂದು ಬಂದ ಕಾಂತ ಬಿರುಗಾಳಿ 2003ರ ಬಳಿಕದ ಅತಿ ದೊಡ್ಡದು. ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. 13 ಡಿಗ್ರಿ ಅಕ್ಷಾಂಶದ ನಮಗೆ ಆ ಬಣ್ಣ ಸಿಗದು. ನಮ್ಮ ಪಾಲಿಗೆ ಬರುವುದು ಅದರ ಉಪದ್ರವ. ಹ್ಯಾಮ್‌ಗಳೆಂಬ ಹವ್ಯಾಸಿ ರೇಡಿಯೊ ಬಳಗದವರ ಕಿವಿಯಲ್ಲಿ ಶಾರ್ಟ್‌ವೇವ್ ಥಟ್ಟನೆ ನಿಲ್ಲುತ್ತದೆ. ಗಂಗೊಳ್ಳಿ, ಮಲ್ಪೆ ಬಂದರುಗಳಿಂದ ಆಳಕಡಲಿಗೆ ಹೋಗುವ ದೋಣಿಗಳು ನಂಬಿರುವ ಜಿಪಿಎಸ್ ಸಂಕೇತವೂ ಕಲಕಿದ ಮೇಲಿನ ಗಾಳಿಪದರಗಳನ್ನು ಹಾದು ಬರಬೇಕು. ಸೂರ್ಯನ ಸುದ್ದಿ ಮೀನುಗಾರಿಕೆಯ ಸುದ್ದಿಯೂ ಹೌದು.

ಮುಂದಿನ ಆವರ್ತಕ್ಕೆ

ಈಗ ಸೂರ್ಯ ಇಳಿಜಾರಿನಲ್ಲಿದ್ದಾನೆ. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಮತ್ತೊಂದು ಕಂಕಣ ಗ್ರಹಣ ಹಾಯುವ ಹೊತ್ತಿಗೆ ಕಲೆಗಳು ಮತ್ತೆ ಕಡಿಮೆಯಾಗಿರುವ ನಿರೀಕ್ಷೆ. ಗ್ರಹಣದ ದಿನ ಜನ ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಕಲೆಗಳಿಲ್ಲದ ಸಾಮಾನ್ಯ ಮಂಗಳವಾರ ಯಾರೂ ಬರುವುದಿಲ್ಲ. ಆದರೆ ‘ಇಂದು ಸೊನ್ನೆ’ ಎಂದು ಬರೆದ ಪುಟಕ್ಕೂ ‘ಇಂದು 63’ ಎಂದು ಬರೆದ ಪುಟದಷ್ಟೇ ಬೆಲೆ. ಹವ್ಯಾಸಿ ಸಂಘಗಳು ಸೋಲುವುದು ಹೆಚ್ಚಾಗಿ ಈ ಸೊನ್ನೆಯ ವರ್ಷಗಳಲ್ಲೇ.

ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ವ್ಯವಸ್ಥೆ ಬೇಕು. ಮೂರು ತಾಲೂಕುಗಳಲ್ಲಿ ತಾಲೂಕಿಗೊಂದರಂತೆ ಶಾಲೆ ಅಥವಾ ಕಾಲೇಜು ಒಂದೊಂದು ದೂರದರ್ಶಕ, ಒಂದೊಂದು ದಪ್ಪ ರಿಜಿಸ್ಟರ್ ಇಟ್ಟುಕೊಳ್ಳಲಿ. ಬೆಳಗಿನ ಪ್ರಾರ್ಥನೆಯ ನಂತರದ ಹತ್ತು ನಿಮಿಷ ಸಾಕು. ಬೈಂದೂರಿನಲ್ಲಿ ಮೋಡವಿದ್ದ ದಿನ ಬ್ರಹ್ಮಾವರದಲ್ಲಿ ಬಿಸಿಲಿದ್ದರೆ ದಾಖಲೆ ತಪ್ಪುವುದಿಲ್ಲ. ಮಳೆಗಾಲದ ರೇಡಿಯೊ ಕೆಲಸವನ್ನು ಭೌತಶಾಸ್ತ್ರದ ಲ್ಯಾಬ್ ಇರುವ ಕಾಲೇಜೊಂದು ವಹಿಸಿಕೊಳ್ಳಲಿ. ವರ್ಷಕ್ಕೊಮ್ಮೆ ಎಲ್ಲ ರಿಜಿಸ್ಟರುಗಳನ್ನೂ ಉಡುಪಿಯಲ್ಲಿ ಒಂದೆಡೆ ಇಟ್ಟು ತಾಳೆ ನೋಡಲಿ. ಹೊರಟುಹೋಗುವ ವಿದ್ಯಾರ್ಥಿ ತನ್ನ ಕೊನೆಯ ತಿಂಗಳಲ್ಲಿ ಹೊಸಬನಿಗೆ ಎಣಿಕೆ ಕಲಿಸಿ, ಇಬ್ಬರೂ ಒಂದೇ ದಿನದ ಬಿಂಬವನ್ನು ಬೇರೆ ಬೇರೆ ಎಣಿಸಿ ವ್ಯತ್ಯಾಸ ಬರೆದಿಡಲಿ. ಇದೊಂದು ಪದ್ಧತಿ ಗಟ್ಟಿಯಾದರೆ ಉಳಿದದ್ದು ತಾನಾಗಿ ಬರುತ್ತದೆ.

ಇಂದು ಒಂದನೇ ತರಗತಿಯಲ್ಲಿರುವ ಮಕ್ಕಳು ಪದವಿಗೆ ಬರುವ ಹೊತ್ತಿಗೆ 26ನೇ ಆವರ್ತ ತನ್ನ ಶಿಖರದ ಆಸುಪಾಸಿನಲ್ಲಿರುತ್ತದೆ. ಅವರು ರಟ್ಟಿನ ಮೇಲೆ ಬರೆಯುವ ಕಲೆಗಳನ್ನು ಹೋಲಿಸಿ ನೋಡಲು ಕೊಡೈಕೆನಾಲಿನ ಚಿತ್ರಗಳಿವೆ, ಬ್ರಸೆಲ್ಸಿನ ಪಟ್ಟಿಯಿದೆ. ಊರಿನದೇ ಒಂದು ರಿಜಿಸ್ಟರ್ ಕೂಡ ಇರುವಂತೆ ಮಾಡುವುದು ಈಗ ಸಂಘ ನಡೆಸುತ್ತಿರುವವರ ಪಾಲಿನ ಕೆಲಸ.